ಬೆನ್ನಿಗೆ ಬಿದ್ದ ಬೆಳಕು

ಚಿತ್ರನಟಿ ಲಿಯೋನಾ ಥ್ರೇಲ್ ಬದಲಿಗೆ ನಿಲ್ಲುವುದು ನನ್ನ ಕೆಲಸವಾಗಿತ್ತು. ನಟಿಸುವುದಲ್ಲ, ಬರೀ ನಿಲ್ಲುವುದು. ದೀಪಗಳನ್ನು ಏರಿಸಿ ಇಳಿಸಿ ಹೊಂದಿಸುವ ತನಕ, ಅವಳು ನಿಲ್ಲಬೇಕಾದ ಕಡೆ ನೆಲಕ್ಕೆ ಹಾಕಿದ ಗುರುತಿನ ಮೇಲೆ ನಾನು ಬೇಯಬೇಕು. ಆಮೇಲೆ ಅವಳು ಬಂದು ನಿಂತು ಇಡೀ ದೇಶದ ಕಣ್ಣಲ್ಲಿ ನೀರು ತರಿಸುತ್ತಾಳೆ. ಇಬ್ಬರಿಗೂ ಒಂದೇ ಎತ್ತರ, ಹೆಚ್ಚು ಕಡಿಮೆ ಒಂದೇ ಮೂಗು. ಹಣೆಬರಹ ಮಾತ್ರ ಬೇರೆ. ಆದರೂ ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿರಲಿಲ್ಲ. ಆ ಸ್ಟುಡಿಯೋದಲ್ಲಿ ನನ್ನನ್ನು ಹೆಸರು ಹಿಡಿದು ಬೈಯುತ್ತಿದ್ದವಳು ಅವಳೊಬ್ಬಳೇ.

ಆ ವರ್ಷ ಅವಳ ಚಿತ್ರಗಳು ಒಂದರ ಹಿಂದೊಂದು ಮಕಾಡೆ ಮಲಗಿದ್ದವು. ಕರಾರು ಮುಗಿಯುತ್ತ ಬಂದಿತ್ತು. ಹೊಸ ಚಿತ್ರದ ವಿಧವೆಯ ಪಾತ್ರ ಸಿಕ್ಕರೆ ಉಳಿದಳು, ಇಲ್ಲದಿದ್ದರೆ ಇಲ್ಲ. ಅಷ್ಟರಲ್ಲಿ ಸ್ಟುಡಿಯೋದಿಂದ ಫೋನ್ ಬಂತು: ಸೋಮವಾರ ಸ್ಕ್ರೀನ್ ಟೆಸ್ಟ್, ವಿಧವೆಯ ದೃಶ್ಯ, ತಪ್ಪದೆ ಬರಬೇಕು.

"ಈ ವಯಸ್ಸಲ್ಲಿ ನಂಗೆ ಟೆಸ್ಟಂತೆ ಕಣೇ ಹೆಟ್ಟಿ. ಮೀನಿಗೆ ಈಜು ಬರತ್ತಾ ಅಂತ ಕೇಳ್ದಂಗಾಯ್ತು," ಎಂದಳು. ಬಾಯಲ್ಲಿ ಹಾಗಂದರೂ ಎರಡು ದಿನ ಹಾಲಿಲ್ಲದ ಕಾಫಿ, ದ್ರಾಕ್ಷಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಸಂಭಾಷಣೆಯನ್ನು ನನ್ನೆದುರು ಎಷ್ಟು ಸಲ ಹೇಳಿದಳೆಂದರೆ ನನಗೇ ಬಾಯಿಪಾಠ ಆಗಿಹೋಯಿತು.

ಸೋಮವಾರ ಅವಳಿಗಿಂತ ಮುಂಚೆ ಹೋಗಿ ಗುರುತಿನ ಮೇಲೆ ನಿಂತೆ. ದೀಪಗಳು ಹತ್ತಿಕೊಂಡವು. ನನ್ನ ಮುಖ ತಣ್ಣಗೇ ಇತ್ತು, ಬಿಸಿಯೆಲ್ಲ ಕತ್ತಿನ ಹಿಂದೆ. ತಿರುಗಿ ನೋಡಿದರೆ ಕ್ಯಾಮರಾ ನನ್ನ ಬೆನ್ನಿಗಿತ್ತು. ಎದುರಿನ ಗುರುತಿನ ಮೇಲೆ ಒಬ್ಬ ಹುಡುಗಿ ಬೆಳಕಲ್ಲಿ ಮಿಂದು ನಿಂತಿದ್ದಳು. ನ್ಯಾನ್ ಪ್ರೆಸ್ಕಾಟ್ ಎಂದು ಸ್ಟುಡಿಯೋದವರು ಹೋದ ವಾರವಷ್ಟೇ ಅವಳಿಗೆ ಹೆಸರಿಟ್ಟಿದ್ದರು. ಆ ಹೆಸರು ಕರೆದರೆ ಅವಳಿನ್ನೂ ತಿರುಗಿ ನೋಡುತ್ತಿರಲಿಲ್ಲ. ಟೆಸ್ಟ್ ಈ ಹುಡುಗಿಯದು. ಎದುರು ಮಾತು ಒಪ್ಪಿಸುವುದಕ್ಕಷ್ಟೇ ಲಿಯೋನಾಳನ್ನು ಕರೆಸಿದ್ದರು.

"ಲಿಯೋನಾಗೆ ಹೇಳಿದೀರಾ?" ಎಂದು ಕ್ಯಾಮರಾದ ಓರ್ವಿಲ್‌ನನ್ನು ಕೇಳಿದೆ.

"ಪ್ರುಯಿಟ್ ಹೇಳಿರ್ತಾನೆ."

ಪ್ರುಯಿಟ್ ನಿರ್ದೇಶಕ. "ಆಫೀಸಿನೋರು ಹೇಳಿರ್ತಾರೆ. ನೀನು ನಿಂತ್ಕೊಳ್ಳಮ್ಮ, ನಿನ್ನ ಕರೆಸಿರೋದೇ ಅದಕ್ಕೆ," ಎಂದ. ಹಿಂದೊಮ್ಮೆ ಇದೇ ಲಿಯೋನಾಳ ಬಾಗಿಲು ಕಾದು ಕೆಲಸ ಗಿಟ್ಟಿಸಿಕೊಂಡ ಲಫಂಗ ಇವನು.

ಅಷ್ಟರಲ್ಲಿ ಅವಳು ಬಂದೇಬಿಟ್ಟಳು. ನಾನು ಸರಿದೆ, ಅವಳು ನಿಂತಳು. ಕಣ್ಣು ಮುಚ್ಚಿ, ಕೆನ್ನೆಯನ್ನು ಆ ಕಡೆ ಈ ಕಡೆ ಸ್ವಲ್ಪ ಹೊರಳಿಸಿ ಬಿಸಿ ಹುಡುಕಿದಳು. ಸಿಗಲಿಲ್ಲ. ಟೆಸ್ಟ್ ಅವಳದಲ್ಲವೆಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿ ಬರಲಿಲ್ಲ. ಎಲ್ಲವನ್ನೂ ಕಾಲಲ್ಲಿ ಒದ್ದು ಹೋಗುತ್ತಾಳೆಂದುಕೊಂಡೆ, ಒದೆಯಲಿ ಎಂದೇ ಆಸೆಪಟ್ಟೆ. ಅವಳು ಮಾತ್ರ ಕ್ಯಾಮರಾಗೆ ಬೆನ್ನು ಕೊಟ್ಟೇ ಜೀವ ಸುರಿದು ಮಾತಾಡಿದಳು. ನಟನೆಯ ಗಂಧಗಾಳಿ ಇಲ್ಲದ ಹುಡುಗಿ ಅದನ್ನು ಕೇಳಿ ನಿಜವಾಗಿ ಬಿಕ್ಕಿಬಿಕ್ಕಿ ಅತ್ತಳು. ಪಾತ್ರ ಆ ಹುಡುಗಿಯದಾಯಿತೆಂದು ಎಲ್ಲರಿಗೂ ಗೊತ್ತಾಯಿತು.

"ಬಂದಿದ್ದೀನಲ್ಲ ಪ್ರುಯಿಟ್, ನಂದೂ ಒಂದು ಶಾಟ್ ತಗೋ," ಎಂದಳು ಲಿಯೋನಾ.

ಪ್ರುಯಿಟ್ ಓರ್ವಿಲ್ ಕಡೆ ನೋಡಿ ಕಿವಿ ಕೆರೆದುಕೊಂಡ. ಆ ಸನ್ನೆ ಸೆಟ್ಟಿನವರಿಗೆಲ್ಲ ಗೊತ್ತು. ದಾಕ್ಷಿಣ್ಯದ ಶಾಟ್: ಕ್ಯಾಮರಾ ಓಡುತ್ತದೆ, ಒಳಗೆ ಫಿಲ್ಮ್ ಇರುವುದಿಲ್ಲ. ಅವಳಿಗೆ ಹೇಳಿಬಿಡೋಣವೆಂದು ಮುಂದೆ ಬಂದೆ. ಆದರೆ ಅವಳ ಮುಖದ ಮೇಲೆ ಆಗಲೇ ದೀಪ ಬಿದ್ದಿತ್ತು, ಆ ಮುಖ ನೋಡಿ ಹಿಂದೆ ಸರಿದೆ.

ಅವಳು ಅಭಿನಯಿಸಿದಳು. ಗಂಡನ ಕೋಟನ್ನು ಯಾರಿಗೋ ದಾನ ಕೊಡುವ ಪುಟ್ಟ ದೃಶ್ಯ ಅದು. ಕೋಟು ಕೊಟ್ಟ ಮೇಲೂ ಅವಳ ಕೈ ಅದನ್ನು ಬಿಡಲಿಲ್ಲ. ಅಷ್ಟೇ ಮಾಡಿದ್ದು. ಮೇಲೆ ದೀಪ ಹಿಡಿದ ಗಂಡಸರು ಕಣ್ಣೊರೆಸಿಕೊಂಡರು.

"ಕಟ್," ಎಂದ ಪ್ರುಯಿಟ್. "ಅದ್ಭುತ ಲಿಯೋನಾ, ಇದನ್ನೇ ಕಳಿಸ್ತೀವಿ."

ಶಾಟ್ ಒಪ್ಪಿಗೆಯಾದರೆ ಕ್ಯಾಮರಾದ ಬಾಗಿಲು ತೆಗೆದು, ಫಿಲ್ಮ್ ಹಾಯುವ ಕಿಂಡಿಯಲ್ಲಿ ಕೂದಲೋ ಧೂಳೋ ಇದೆಯೇ ಎಂದು ನೋಡುವುದು ನಮ್ಮಲ್ಲಿ ಪದ್ಧತಿ. "ಕ್ಲೀನು" ಎನ್ನುವ ತನಕ ಯಾರೂ ಕದಲುವಂತಿಲ್ಲ. ಲಿಯೋನಾ ಕದಲಲಿಲ್ಲ. ಸುಳ್ಳು ಆಡಲು ಹೊರಟವರು ಅದೊಂದನ್ನು ಮರೆತಿದ್ದರು.

"ಕಿಂಡಿ ನೋಡಲ್ವಾ ಓರ್ವಿಲ್?" ಎಂದಳು ಮೆಲ್ಲಗೆ.

ಓರ್ವಿಲ್ ತಡಬಡಾಯಿಸಿ ಬಾಗಿಲಿಗೆ ಕೈ ಹಾಕಿದ.

"ಬಿಡಪ್ಪ. ಖಾಲಿ ತಟ್ಟೇಲಿ ಕೂದ್ಲು ಹುಡುಕ್ತಾರಾ?"

ಎಲ್ಲರೂ ನೆಲ ನೋಡಿದರು. ನ್ಯಾನ್‌ಗೆ ಮಾತ್ರ ಏನೂ ಅರ್ಥವಾಗಿರಲಿಲ್ಲ. ಮೂಗೊರೆಸಿಕೊಂಡು ಓಡಿ ಬಂದಳು.

"ಮಿಸ್ ಥ್ರೇಲ್, ಇದನ್ನ ಪರದೆ ಮೇಲೆ ನೋಡ್ಲೇಬೇಕು ನಾನು. ಯಾವತ್ತು ತೋರಿಸ್ತಾರೆ?"

ಲಿಯೋನಾ ಅವಳ ಕೆನ್ನೆ ತಟ್ಟಿದಳು. "ಈಗ ನೋಡಿದ್ಯಲ್ಲ ಮಗು, ಅಷ್ಟೇ ಇರೋದು."