ನೀಲಿಯಲ್ಲಿ ಬಾಗಿದ ಗೆರೆ

ನಮ್ಮ ಅಂಗಡಿಯಲ್ಲಿ ನಯ ಅವರದು, ನೀಲಿ ನನ್ನದು. ಬಂದೂಕಾಗಲಿ ರಿವಾಲ್ವರ್ ಆಗಲಿ, ಅದನ್ನು ಬಿಚ್ಚಿ, ಹಳೆಯ ಬಣ್ಣ ತೆಗೆದು, ಉಜ್ಜಿ ಉಜ್ಜಿ ಕನ್ನಡಿ ಮಾಡುವುದು ನನ್ನ ಗಂಡ. ಆ ಕನ್ನಡಿಯನ್ನು ಕುದಿಯುವ ಉಪ್ಪಿನ ತೊಟ್ಟಿಗೆ ತಂತಿಯಲ್ಲಿ ಇಳಿಬಿಟ್ಟು, ಕಪ್ಪಿಗೆ ಸಮೀಪದ ಆಳವಾದ ನೀಲಿ ಬರಿಸುವುದು ನಾನು. ಹೀಗಾಗಿ ಕೆಲಸ ಕೆಟ್ಟಾಗಲೆಲ್ಲ ತಪ್ಪು ಯಾವಾಗಲೂ ಇನ್ನೊಬ್ಬರದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಅವರು ನನ್ನನ್ನು ಚುಚ್ಚುತ್ತಾರೆ. ನೆಲ ಡೊಂಕಾಗಿಯೇ ಇದ್ದರೆ ಎಂಥವಳು ತಾನೆ ಕುಣಿದಾಳು ಎಂದು ನಾನು ಕೇಳುತ್ತೇನೆ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತೇವೆ.

ನಿಜ ಹೇಳಬೇಕೆಂದರೆ ಎಲ್ಲ ನೆಲದ್ದೇ, ಅಂದರೆ ನಯದ್ದೇ. ನೀಲಿ ಎಂದರೆ ಗೋಡೆಗೆ ಬಳಿಯುವ ಬಣ್ಣದ ಹಾಗೆ ಎಂದು ಜನ ತಿಳಿದಿದ್ದಾರೆ. ಬಳಿದ ಬಣ್ಣ ಮುಚ್ಚುತ್ತದೆ, ನೀಲಿ ಬಿಚ್ಚಿಡುತ್ತದೆ. ಉಕ್ಕಿನ ಮೇಲೆ ಕೂದಲೆಳೆಯಷ್ಟು ಗೀರು ಉಳಿದಿದ್ದರೂ ಅದು ಊರಿಗೆಲ್ಲ ಸಾರಿಬಿಡುತ್ತದೆ. ಅದಕ್ಕೇ ನನ್ನ ಗಂಡ ಮೆತ್ತನೆಯ ಬಟ್ಟೆಚಕ್ರವನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ಚಕ್ರಕ್ಕೆ ಒತ್ತಿದರೆ ಬೇಗ ಹೊಳೆಯುತ್ತದೇನೋ ಸರಿ, ಆದರೆ ಅಂಚುಗಳು ಸವೆದು ದುಂಡಗಾಗುತ್ತವೆ, ಕೊರೆದ ಅಕ್ಷರಗಳು ಅಳಿಸಿಹೋಗುತ್ತವೆ. ಅವರದು ಗಟ್ಟಿ ಮರದ ತುಂಡು, ಅದಕ್ಕೆ ಸುತ್ತಿದ ಎಮರಿ ಕಾಗದ. ಒಂದು ಕಾಗದದಲ್ಲಿ ಉದ್ದಕ್ಕೆ ಉಜ್ಜಿದರೆ ಅದಕ್ಕಿಂತ ನುಣ್ಣನೆಯದರಲ್ಲಿ ಅಡ್ಡಕ್ಕೆ, ಮೊದಲಿನ ಗೆರೆಗಳೆಲ್ಲ ಮಾಯವಾಗುವ ತನಕ. ಕೊನೆಗೆ ಕಣ್ಣು ಮುಚ್ಚಿ ಉಂಗುರದ ಬೆರಳನ್ನು ಉಕ್ಕಿನ ಮೇಲೆ ಹಾಯಿಸುತ್ತಾರೆ. ಹೊಳಪಿಗೆ ಕಣ್ಣು ಮೋಸಹೋಗುತ್ತದೆ, ಬೆರಳು ಹೋಗುವುದಿಲ್ಲ ಎಂಬುದು ಅವರ ವೇದಾಂತ. ನನ್ನ ಬೆರಳಿಗೆ ಅವರಿಟ್ಟ ಹೆಸರು ಒನಕೆ.

ಶೂಟಿಂಗ್ ಕಲಿಸುವ ಕೋಚ್ ಮೇಡಂ ತಮ್ಮ ಹಳೆಯ ರಿವಾಲ್ವರ್ ತಂದದ್ದು ಒಂದು ಬೆಳಿಗ್ಗೆ. ಅದನ್ನು ನೋಡಿದೊಡನೆ ನನಗೆ ಗುರುತು ಹತ್ತಿತು. ನಮ್ಮ ಮದುವೆಯಾದ ಹೊಸದರಲ್ಲಿ, ತೊಟ್ಟಿಯ ಕೆಲಸ ಇನ್ನು ನಿನ್ನದೇ ಎಂದು ಗಂಡ ನನ್ನ ಕೈಗೆ ಬಿಟ್ಟ ಮೊದಲನೆಯ ಕೆಲಸ ಅದೇ. ವರ್ಷಾನುಗಟ್ಟಲೆ ಕೈಯಲ್ಲಿ ಆಡಿ ನೀಲಿ ಮಾಸಿತ್ತು, ನಳಿಗೆಯ ತುದಿ ಬೋಳಾಗಿತ್ತು. ಮೇಡಂ ಈಗ ಅದನ್ನು ಮಗಳಿಗೆ ಕೊಡುವವರಿದ್ದರು. ಬೇರೆ ಅಂಗಡಿಯವರು ಬೇಗ ಮಾಡಿಕೊಡುತ್ತೇವೆ ಎಂದರಂತೆ, ಮೇಡಂ ಒಪ್ಪಲಿಲ್ಲವಂತೆ.

“ನನಗೆ ಯಜಮಾನರ ಕೈಯೇ ಆಗಬೇಕು. ಎಷ್ಟು ದಿನವಾದರೂ ಕಾಯ್ತೀನಿ” ಎಂದರು.

ನನ್ನ ಗಂಡ ತಲೆಯಾಡಿಸಿದರು. ಎಂದಿನ ಹಾಗೆ ಬೀಗಲಿಲ್ಲ. ಹೊಗಳಿಸಿಕೊಂಡೂ ಬೀಗದಿದ್ದರೆ ಅವರಿಗೆ ಮೈ ಸರಿಯಿಲ್ಲ ಎಂದೇ ಅರ್ಥ, ಆದರೆ ಅಂದು ನನಗೆ ಹೊಳೆಯಲಿಲ್ಲ.

ಹೊಳೆಯದಿದ್ದದ್ದು ಅದೊಂದೇ ಅಲ್ಲ. ಕೆಲವು ದಿನಗಳಿಂದ ಅವರು ಅಂಗಿಯ ಮೇಲಿನ ಗುಂಡಿ ಹಾಕದೆ ಅಂಗಡಿಗೆ ಬರುತ್ತಿದ್ದರು. ಈ ವಯಸ್ಸಿನಲ್ಲಿ ಎಂಥ ಶೋಕಿ ಎಂದು ನಾನು ಹಾಸ್ಯ ಮಾಡಿದ್ದೆ. ಸೆಕೆ ಎಂದಿದ್ದರು. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿಟ್ಟದ್ದನ್ನೂ ಕಂಡಿದ್ದೆ. ಗಂಡಸರ ಕೈ ಮೊದಲೇ ಒರಟು ಎಂದು ಸುಮ್ಮನಾಗಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನನಗೆ ಬೇಕಾಯಿತು.

ಅವರು ನಯ ಮುಗಿಸಿ ಕೊಟ್ಟಾಗ ಉಕ್ಕು ಬೆಳ್ಳಗೆ ಥಳಥಳಿಸುತ್ತಿತ್ತು. ಹಾಗಿರುವಾಗ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಏನೂ ತಿಳಿಯುವುದಿಲ್ಲ. ಕೈಗವಸು ಹಾಕಿ ಜಿಡ್ಡು ತೊಳೆದೆ, ತೊಟ್ಟಿಗೆ ಇಳಿಸಿದೆ, ಹೊತ್ತು ನೋಡಿ ಎತ್ತಿದೆ, ನೀರಲ್ಲಿ ಅದ್ದಿ ತೆಗೆದು ಎಣ್ಣೆ ಒರೆಸಿದೆ. ಬಣ್ಣ ಅಚ್ಚುಕಟ್ಟಾಗಿ ಕುಳಿತಿತ್ತು. ಕಿಟಕಿಗೆ ಎದುರಾಗಿ ಹಿಡಿದು ರಿವಾಲ್ವರಿನ ಪಕ್ಕೆಯಲ್ಲಿ ಕಿಟಕಿಯ ಸರಳುಗಳ ಪ್ರತಿಬಿಂಬ ನೋಡಿದೆ. ನಯ ಸಮನಾಗಿದ್ದರೆ ಸರಳು ನೇರವಾಗಿ ಕಾಣಬೇಕು. ಒಂದು ಸರಳು ಬಾಗಿತ್ತು. ತಿರುಗಿಸಿದೆ, ಇನ್ನೊಂದು ಬಾಗಿತು. ಸ್ಕ್ರೂ ತೂತಿನ ಸುತ್ತ ಉಕ್ಕು ಮೆಲ್ಲಗೆ ತಗ್ಗಾಗಿತ್ತು.

ಇವರ ಕೈಯಿಂದ ಇಂಥ ಕೆಲಸ ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಂಗಿಯ ಗುಂಡಿ, ಬಿಸಿ ಪಾತ್ರೆ, ಎಲ್ಲ ಒಟ್ಟಿಗೆ ನೆನಪಾಯಿತು. ಇವರ ಸಕ್ಕರೆ ಕಾಯಿಲೆ ನರಕ್ಕೆ ಇಳಿದರೆ ಬೆರಳು ಜೋಮು ಹಿಡಿಯುತ್ತದೆ ಎಂದು ಡಾಕ್ಟರು ಎಂದೋ ಎಚ್ಚರಿಸಿದ್ದರು. ಈ ಕೆಲಸ ಕೈಬಿಟ್ಟರೆ ಈ ಮನುಷ್ಯನಿಗೆ ಏನು ಉಳಿಯುತ್ತದೆ ಎಂಬುದೇ ನನ್ನ ಭಯ.

ಅಷ್ಟರಲ್ಲಿ ಅವರು ಬಾಗಿಲಿಗೆ ಬಂದು ಹೇಗಾಯಿತು ಎಂದು ಕೇಳಿದರು.

“ಕೆಟ್ಟುಹೋಯ್ತು ಕಣ್ರೀ. ತೊಟ್ಟಿ ಜಾಸ್ತಿ ಕಾದಿತ್ತು, ನಾನು ನೋಡಿಕೊಳ್ಳಲಿಲ್ಲ. ಬಣ್ಣ ತೆಗೆದು ಇನ್ನೊಂದು ಸಲ ಮಾಡಬೇಕು” ಎಂದೆ.

ಅವರು ರಿವಾಲ್ವರ್ ತೆಗೆದುಕೊಂಡು ಕಿಟಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ನನ್ನ ಕಡೆಯಿಂದ ತಪ್ಪೊಪ್ಪಿಗೆ ಬರುವುದು ಅಪರೂಪ, ಅಂಥದ್ದು ಸಿಕ್ಕರೆ ವಾರವಿಡೀ ಆಡಿಕೊಳ್ಳುವ ಜನ ಅವರು. ಅಂದು ಸರಿ ಎಂದರು, ಅಷ್ಟೇ.

ಮರುದಿನ ನಾನು ಅಂಗಡಿಗೆ ಬಂದಾಗ ಅವರಾಗಲೇ ಬಣ್ಣ ತೆಗೆದಿದ್ದರು. ಉಕ್ಕು ಮೇಜಿನ ಮೇಲೆ ಬೆತ್ತಲೆ ಬಿದ್ದಿತ್ತು. ಮರದ ತುಂಡು ಕೈಯಲ್ಲೇ ಇತ್ತು, ಉಜ್ಜುತ್ತಿರಲಿಲ್ಲ.

“ತೊಟ್ಟಿ ಜಾಸ್ತಿ ಕಾದರೆ ನೀಲಿ ಕೆಂಪಿಗೆ ತಿರುಗುತ್ತೆ. ಸರಳು ಬಾಗಲ್ಲ. ಇದನ್ನ ನಿನಗೆ ಕಲಿಸಿದ್ದು ನಾನೇ” ಎಂದರು.

ಇಡೀ ಕಸುಬಿನಲ್ಲಿ ಯಾರೂ ನಂಬದ ಸುಳ್ಳನ್ನು ಕಸುಬು ಕಲಿಸಿದವರಿಗೇ ಹೇಳಿದ್ದೆ. ಸಿಕ್ಕಿಬಿದ್ದವರಿಗೆ ಬರುವ ಸಿಟ್ಟು ನನಗೂ ಬಂತು.

“ಮತ್ತೆ ನೀವ್ಯಾಕೆ ಸುಳ್ಳು ಹೇಳಿದ್ರಿ?”

“ನಾನೇನೂ ಹೇಳಲೇ ಇಲ್ವಲ್ಲ.”

“ಹೇಳದೆ ಇದ್ದದ್ದೇ ಸುಳ್ಳು.”

ಅವರು ಉಂಗುರದ ಬೆರಳನ್ನು ಹೆಬ್ಬೆರಳಿಂದ ತಿಕ್ಕಿಕೊಂಡರು. “ಉಕ್ಕು ಮುಟ್ಟಿದರೂ ಒಂದೇ, ಬಟ್ಟೆ ಮುಟ್ಟಿದರೂ ಒಂದೇ. ಮೇಡಂಗೆ ವಾಪಸ್ ಕೊಟ್ಟುಬಿಡೋಣ. ನನ್ನ ಕೈ ಮುಗೀತು ಅಂತ ನೀನೇ ಹೇಳು, ನನ್ನಿಂದ ಆಗಲ್ಲ.”

ನನಗೆ ಅಳು ಬಂತು. ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಸ್ಟೂಲು ಎಳೆದು ಅವರ ಮಗ್ಗುಲಿಗೆ ಕುಳಿತೆ. ಅವರ ಮಣಿಕಟ್ಟು ಮೊದಲಿನ ಹಾಗೇ ಇತ್ತು. ಎಷ್ಟು ಒತ್ತಬೇಕು, ಎಲ್ಲಿ ತಿರುಗಬೇಕು, ತೂತಿನ ಬಳಿ ಹೇಗೆ ಹಗುರಾಗಬೇಕು ಎಂಬುದು ತೋಳಿಗೆ ಗೊತ್ತು, ಬೆರಳಿಗಲ್ಲ. ಕಳೆದದ್ದು ವರದಿ ಕೊಡುವ ಬೆರಳೊಂದೇ. ಇದನ್ನೇ ಹೇಳಿ ನನ್ನ ಬೆರಳು ಮುಂದೆ ಚಾಚಿದೆ.

“ಒನಕೆ” ಎಂದರು.

“ಒನಕೆಯೇ. ಭತ್ತ ಕುಟ್ಟೋಕೆ ಬರುತ್ತೆ ಅಂದಮೇಲೆ ಇದಕ್ಕೂ ಕಲಿಸಿ.”

ಅವರು ನನ್ನ ಬೆರಳು ಹಿಡಿದು ಉಕ್ಕಿನ ಮೇಲೆ ಹಾಯಿಸಿದರು. ಕಣ್ಣು ಮುಚ್ಚು ಎಂದರು. ಒತ್ತಬೇಡ, ಮಲಗಿದ ಮಗುವಿನ ಹಣೆ ಮುಟ್ಟಿದ ಹಾಗೆ ಮುಟ್ಟು ಎಂದರು. ಮೊದಮೊದಲು ಏನೂ ತಿಳಿಯಲಿಲ್ಲ, ತಣ್ಣಗಿತ್ತು, ಅಷ್ಟೇ. ಅವರು ಬೇಸರಿಸಲಿಲ್ಲ. ಮತ್ತೆ ಮತ್ತೆ ಅದೇ ಜಾಗಕ್ಕೆ ತಂದರು. ದಿನಗಳು ಕಳೆದವು. ಒಂದು ಮಧ್ಯಾಹ್ನ ತೂತಿನ ಅಂಚಿನಲ್ಲಿ ನನ್ನ ಬೆರಳು ತಾನಾಗಿ ಇಷ್ಟೇ ಇಷ್ಟು ಇಳಿದು ಮೇಲೆ ಬಂತು.

“ಇಲ್ಲಿ ತಗ್ಗು” ಎಂದೆ.

ಅವರು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಕೆಲಸ ಓಡಿತು. ತಗ್ಗಿಗೆ ಸಮ ಬರುವ ತನಕ ಇಡೀ ಪಕ್ಕೆಯನ್ನು ಒಂದೇ ಹದದಲ್ಲಿ ಇಳಿಸಬೇಕು, ಅಕ್ಷರಕ್ಕೆ ತಾಗಬಾರದು. ಅವರು ಉಜ್ಜುವುದು, ನಾನು ಹೇಳುವುದು. ಇನ್ನೂ ಇದೆ ಎಂದರೆ ಮರದ ತುಂಡು ಹೊರಡುತ್ತಿತ್ತು, ಸಾಕು ಎಂದರೆ ನಿಲ್ಲುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನಾನು ಹೇಳಿದಂತೆ ಕೇಳಿದ್ದು ಅದೇ ಮೊದಲು. ಬಿಟ್ಟಿದ್ದರೆ ಆ ರಿವಾಲ್ವರನ್ನು ವರ್ಷವಿಡೀ ಉಜ್ಜಿಸುತ್ತಿದ್ದೆ.

ಎರಡನೆಯ ಸಲ ನೀಲಿ ಏರಿಸಿ ಎಣ್ಣೆ ಒರೆಸಿ ಕಿಟಕಿಗೆ ಹಿಡಿದಾಗ ಸರಳುಗಳು ನೇರ ನಿಂತಿದ್ದವು. ಎಲ್ಲಿ ತಿರುಗಿಸಿದರೂ ಅಲುಗಲಿಲ್ಲ. ಅಕ್ಷರಗಳು ಹೊಸದಾಗಿ ಕೊರೆದಷ್ಟು ಚೂಪಾಗಿದ್ದವು. ಒಂದೇ ಕಿಟಕಿಯನ್ನು ಇಬ್ಬರೂ ಅದರಲ್ಲಿ ಎಷ್ಟೋ ಹೊತ್ತು ನೋಡಿದೆವು.

ಮೇಡಂ ಬಂದು ನೋಡಿದರು. ನಳಿಗೆಯ ಉದ್ದಕ್ಕೂ ಕಣ್ಣು ಹಾಯಿಸಿ, ಅದೇ ಕೈ, ಒಂದಿಷ್ಟೂ ಬದಲಾಗಿಲ್ಲ ಎಂದರು. ಆ ಹೊಗಳಿಕೆ ಪೂರ್ತಿ ಇವರಿಗೇ ಸಲ್ಲಲಿ ಎಂದು ನನಗೆ ಮನಸಾರೆ ಅನಿಸಿತ್ತು.

“ಕೈ ನನ್ನದೇ ಮೇಡಂ, ಬೆರಳು ಇವಳದು. ನನ್ನದು ಜೋಮು ಹಿಡಿದಿದೆ” ಎಂದರು ನನ್ನ ಗಂಡ.

ಮೇಡಂ ನನ್ನ ಕಡೆ ನೋಡಿದರು, ಅವರ ಕಡೆ ನೋಡಿದರು. ಹಾಗಾದರೆ ಮಗಳ ಇನ್ನೊಂದು ರಿವಾಲ್ವರನ್ನೂ ಇಲ್ಲಿಗೇ ಕಳಿಸುತ್ತೇನೆ ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ನಾನು ಮನೆಯ ಬೀಗ ಹಾಕಲು ಬಾಗಿಲಿಗೆ ಬಂದೆ. ಅವರು ನನ್ನೆದುರು ಬಂದು ಗದ್ದ ಮೇಲೆತ್ತಿ ನಿಂತರು. ಏನು ಎಂದು ಕೇಳಿದೆ. ಅಂಗಿಯ ಮೇಲಿನ ಗುಂಡಿ ತೋರಿಸಿ, “ಹಾಕು” ಎಂದರು.

ಶೋಕಿ ಮುಗೀತಾ ಎಂದು ಕೇಳಿದೆ. ಮುಗೀತು ಎಂದರು. ಬೀಗದ ಕೈಯನ್ನು ಅವರ ಕೈಗೆ ಕೊಟ್ಟು, ನಿಧಾನವಾಗಿ ಗುಂಡಿ ಹಾಕಿದೆ.