ಎರಡು ಸೊನ್ನೆ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಬೆಳಗಿನ ಏಳೂವರೆ ಗಂಟೆ. ಮುಂದಿನ ಕೋಣೆಯಲ್ಲಿ ಆಯಮ್ಮ ಸತ್ತವಳ ಉಗುರು ಕತ್ತರಿಸುತ್ತ ಕೂತಿದ್ದಳು. ಎಡಗೈ ಮುಗಿದಿತ್ತು. ಬಲಗೈ ಬಿಗಿದುಕೊಂಡಿತ್ತು, ಒಂದೊಂದೇ ಬೆರಳನ್ನು ಪುಸಲಾಯಿಸಿ ಬಿಡಿಸಬೇಕಾಗಿತ್ತು.

“ಯಾಕೆ ಆಯಮ್ಮ ಇದೆಲ್ಲ? ಹನ್ನೊಂದಕ್ಕೆ ವ್ಯಾನ್ ಬರುತ್ತೆ,” ಅಂದಳು ಸತ್ತವಳ ಮಗಳು.

“ಮೂರು ತಿಂಗಳು ಹಾಸಿಗೆ ಹಿಡಿದಿದ್ರಲ್ಲಮ್ಮ, ಬೆಳೆದುಬಿಟ್ಟಿವೆ. ಉಗುರು ಬಿಟ್ಕೊಂಡು ವಾರ್ಡಿಗೆ ಬಂದೋರನ್ನ ಸಿಸ್ಟರಮ್ಮ ಬಾಗಿಲಲ್ಲೇ ನಿಲ್ಲಿಸ್ತಿದ್ರು. ಅವರನ್ನೇ ಹೀಗೆ ಕಳಿಸೋಕಾಗುತ್ತಾ?”

ಸಿಸ್ಟರಮ್ಮ ನರ್ಸಾಗಿದ್ದದ್ದು ಮೂವತ್ತೆಂಟು ವರ್ಷ, ಒಂದೇ ಆಸ್ಪತ್ರೆಯಲ್ಲಿ. ಮೊದಲ ಹದಿನಾಲ್ಕು ವರ್ಷ ಹೆಂಗಸರ ಮತ್ತು ಮಕ್ಕಳ ವಾರ್ಡು. ಉಳಿದದ್ದೆಲ್ಲ ಕೆಳಗಿನ ಬಟ್ಟೆ ಕೋಣೆ. ಆಯಮ್ಮ ಆ ವಾರ್ಡಿನಲ್ಲಿ ನೆಲ ಒರೆಸಿ, ಮಕ್ಕಳನ್ನು ಎತ್ತಿ ಆಡಿಸಿ, ಆಯಸ್ಸು ಸವೆಸಿದವಳು. ಅವಳು ಒಂದು ಮಾತಾಡಿದರೆ ಮೂರು ವಾರ್ಡಿಗೆ ಕೇಳುತ್ತಿತ್ತು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಮೈಕಮ್ಮ.

ಗೋಡೆ ಪಕ್ಕದ ಕುರ್ಚಿಯಲ್ಲಿ ಕೋಲು ಊರಿಕೊಂಡು ಕೂತಿದ್ದ ಹಳೇ ಕಾಂಪೌಂಡರ್ ಕೇಳಿದ: “ಏನ್ ಮೈಕಮ್ಮ, ಇವತ್ತು ಕರೆಂಟ್ ಹೋಗಿದೆಯಾ? ಬಂದಾಗಿಂದ ಸದ್ದೇ ಇಲ್ಲ.”

“ಸುಮ್ನಿರಪ್ಪ. ಸತ್ತ ಮನೆ ಇದು.”

“ಸತ್ತವಳಿಗೇ ಇಷ್ಟ ಆಗ್ತಿತ್ತು ನಾನು ಅಂದದ್ದು. ನಿನ್ನ ಬಾಯಿ ಕೇಳಿ ಎಷ್ಟು ನಗೋಳು!” ಅಂದವನು ತಾನೇ ಕಣ್ಣೊರೆಸಿಕೊಂಡ. “ಚಿನ್ನದಂಥ ಕೆಲಸ ಅವಳದು. ಒಂದು ಮಧ್ಯಾಹ್ನ ಕೈತಪ್ಪಾಯ್ತು ನೋಡು, ಜೀವಮಾನವಿಡೀ ಹೊದಿಕೆ ಮಡಿಸಿದಳು.”

ಮಗಳು ತಾಯಿಯ ಕಾಲ ಬಳಿ ಕೂತಳು. ಒಳಗಿನ ಕೋಣೆಯಲ್ಲಿ ಜ್ವರ ಬಂದ ಅವಳ ಹುಡುಗಿ, ಆರು ವರ್ಷದ್ದು, ಕೆಮ್ಮುತ್ತಿತ್ತು.

“ಕೈತಪ್ಪು ಅಂತ ನೀವು ಅಂತೀರಿ ಮಾಮ. ನಾನು ಹಾಗೆ ಅಂದ್ಕೊಳ್ಳಲೇ ಇಲ್ಲ,” ಅಂದಳು. “ಇನ್ನೊಬ್ಬರಿಗೆ ತೋರಿಸದೆ ಒಬ್ಬಳೇ ನೋಡಿ ಕೂಸಿಗೆ ಔಷಧಿ ಕೊಟ್ಟಳಂತೆ. ಅಷ್ಟು ಅಸಡ್ಡೆನಾ ಅಂತ ಒಳಗೊಳಗೇ ಕೋಪ. ಇವಳಿಗೆ ವರ್ಷ ತುಂಬಿದಾಗ ಹೀಗೇ ಜ್ವರ. ಅಮ್ಮ ಸಿರಪ್ಪು ಬಗ್ಗಿಸ್ತಿದ್ದಳು. ಕೈಯಿಂದ ಕಿತ್ಕೊಂಡೆ. ‘ನೀನು ಮಾತ್ರ ಮುಟ್ಟಬೇಡ’ ಅಂದೆ. ಕೈ ಒರೆಸ್ಕೊಂಡು ಎದ್ದು ಹೋದಳು. ಆಮೇಲೆ ತನ್ನ ಮಾತ್ರೆಗೂ ನನ್ನನ್ನೇ ಕರೆಯೋಳು. ‘ನೀನೇ ತೆಗೆದುಕೊಡು, ನಂಗೆ ಬೇಡ’ ಅನ್ನೋಳು.”

ಉಗುರು ಕತ್ತರಿ ನಿಂತಿತು. ತಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಸಿಸ್ಟರಮ್ಮ ತೆತ್ತದ್ದು ಬರೀ ವಾರ್ಡಿನ ಕೆಲಸ ಅಂತ ಆಯಮ್ಮ ಇಷ್ಟು ವರ್ಷ ಲೆಕ್ಕ ಹಾಕಿದ್ದಳು. ಮನೆಯೊಳಗಿನದು ಅವಳಿಗೆ ಗೊತ್ತಿರಲಿಲ್ಲ.

*

ಆ ದಿನ ಬಿಸಿಲು ಜೋರಿತ್ತು, ಮಧ್ಯಾಹ್ನ ಎರಡು ಗಂಟೆ. ಎಂಟು ದಿನದ ಕೂಸಿಗೆ ಫಿಟ್ಸ್. ಡಾಕ್ಟರು ಔಷಧಿ ಬರೆದಿಟ್ಟು ಹೆರಿಗೆ ಕೋಣೆಗೆ ಓಡಿದ್ದರು, ಇನ್ನೊಬ್ಬ ನರ್ಸೂ ಅವರ ಹಿಂದೆಯೇ.

ಸಿಸ್ಟರಮ್ಮನದೊಂದು ಕಟ್ಟುನಿಟ್ಟು. ಮಕ್ಕಳಿಗೆ ಹೋಗುವ ಔಷಧಿಯನ್ನು ಇಬ್ಬರು ಓದಬೇಕು. “ನನ್ನ ಬಾಯಿ ನೋಡಬೇಡ, ಬಾಟ್ಲಿ ನೋಡು,” ಅನ್ನುತ್ತಿದ್ದಳು. ನರ್ಸು ಸಿಗದಿದ್ದರೆ ಆಯಮ್ಮನನ್ನೇ ಕರೆಯುವಳು. ಕೆಲಸಕ್ಕೆ ಸೇರುವಾಗ ಆಯಮ್ಮ ಏಳನೇ ಕ್ಲಾಸು ಅಂತ ಬರೆಸಿದ್ದಳು. ಅವಳು ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ.

“ಒಂದು ಎಂಎಲ್‌ಗೆ ನಲವತ್ತು ಮಿಲಿಗ್ರಾಂ. ಓದು,” ಎಂದು ಸಿಸ್ಟರಮ್ಮ ಬಾಟ್ಲಿ ಹಿಡಿದಳು. ಮಕ್ಕಳ ತಟ್ಟೆಯಿಂದ ತೆಗೆದದ್ದು. ಆ ತಟ್ಟೆಯಲ್ಲಿ ಇರುವುದೇ ನಲವತ್ತು. ಹೆಂಗಸರ ಕಡೆಯ ಬಾಟ್ಲಿ ಅಲ್ಲಿಗೆ ಹೇಗೆ ಬಂತೋ, ಯಾರು ಇಟ್ಟರೋ. ಅದೇ ಬಣ್ಣ, ಅದೇ ಗಾತ್ರ.

ಓದು ಬಾರದವರಿಗೆ ಕಣ್ಣು ಚುರುಕು. ದಿನಾ ಕಾಣುವ ಬಾಟ್ಲಿಯ ಚೀಟಿಯಲ್ಲಿ ಒಂದು ಸೊನ್ನೆ ಇರುತ್ತಿತ್ತು. ಇವತ್ತು ಎರಡು. ಆಯಮ್ಮನಿಗೆ ಅದು ಸ್ಪಷ್ಟವಾಗಿ ಕಂಡಿತು. ಎರಡಿದೆಯಲ್ಲಕ್ಕ ಅನ್ನೋಣ ಅಂತ ನಾಲಿಗೆ ತುದಿಗೆ ಬಂತು. ಅಂದರೆ, “ಹಾಗಾದ್ರೆ ಎಷ್ಟಿದೆ, ಓದು” ಅನ್ನುತ್ತಾಳೆ. ಆಗ ಏನು ಹೇಳುವುದು? ಮನೆಯಲ್ಲಿ ಮೂರು ಮಕ್ಕಳು, ಕೆಲಸ ಇದೊಂದೇ.

“ನಲವತ್ತು,” ಅಂದಳು ಆಯಮ್ಮ. ಯಾವತ್ತಿನಂತೆ ಗಟ್ಟಿಯಾಗಿ.

ಬಾಟ್ಲಿಯಲ್ಲಿದ್ದದ್ದು ಇನ್ನೂರು. ಕೂಸಿಗೆ ಐದು ಪಾಲು ಹೋಯಿತು. ಮೈ ನೀಲಿಗಟ್ಟಿತು, ಉಸಿರು ನಿಂತಿತು. ಎರಡು ಹಗಲು, ಎರಡು ರಾತ್ರಿ ಸಿಸ್ಟರಮ್ಮ ಅದರ ಮೂಗಿನ ಮೇಲೆ ಗಾಳಿ ಚೀಲ ಒತ್ತುತ್ತ ಕೂತಳು, ಬೇರೆಯವರ ಕೈಗೆ ಕೊಡಲಿಲ್ಲ. ಮೂರನೇ ದಿನ ಕೂಸು ಅತ್ತಿತು.

ವಿಚಾರಣೆಗೆ ಮುಂಚೆ ಆಯಮ್ಮ ಸಿಸ್ಟರಮ್ಮನ ಕಾಲು ಹಿಡಿದು, ನನಗೆ ಓದು ಬರಲ್ಲ ಅಂತ ಒಪ್ಪಿಕೊಂಡಳು. ಸಿಸ್ಟರಮ್ಮ ವಿಚಾರಣೆಯ ಕಾಗದದ ಮೇಲೆ ಬರೆದಳು: ನಾನೊಬ್ಬಳೇ ನೋಡಿ ಕೊಟ್ಟೆ.

“ಮೊದಲು ತಪ್ಪು ಓದಿದ್ದು ನಾನಲ್ವಾ,” ಅಂದಳು. ಶಿಕ್ಷೆಯಾಗಿ ಬಟ್ಟೆ ಕೋಣೆಗೆ ವರ್ಗವಾದ ದಿನ ಕರೆದಳು: “ಸಂಜೆ ಕೆಲಸ ಮುಗಿಸಿ ಕೆಳಗೆ ಬಾ.”

*

ಬಟ್ಟೆ ಕೋಣೆಯಲ್ಲಿ ಹೊದಿಕೆಗಳ ರಾಶಿ ನಡುವೆ ಒಂದು ಡಬ್ಬಿ. ಅದರ ತುಂಬ ತೊಳೆದ ಖಾಲಿ ಬಾಟ್ಲಿಗಳು. ಆಯಮ್ಮನ ಪಾಠ ಅವುಗಳಲ್ಲೇ. ಒಂದರಿಂದ ಶುರುವಾಗಿ ನೂರಕ್ಕೆ ಬರುವಷ್ಟರಲ್ಲಿ ಆರು ತಿಂಗಳು ಹಿಡಿಯಿತು.

“ನಿನ್ನ ಬಾಯಿ ಚುರುಕು, ತಲೆ ಕೋಣನದು,” ಎಂದು ಸಿಸ್ಟರಮ್ಮ ಬೈಯುತ್ತಿದ್ದಳು.

“ಕೋಣಕ್ಕೆ ಪಾಠ ಹೇಳೋರ ತಲೆ ಯಾವುದಕ್ಕ?” ಎಂದು ಆಯಮ್ಮ ಕೇಳಿದರೆ ಇಬ್ಬರೂ ಹೊದಿಕೆ ಮೇಲೆ ಬಿದ್ದು ನಗುತ್ತಿದ್ದರು.

ಒಂದು ಸಂಜೆ ಇನ್ನೂರು ಬಂತು. ಒಂದು ಕೊಕ್ಕೆ, ಎರಡು ಸೊನ್ನೆ. ಆಯಮ್ಮ ಆ ಬಾಟ್ಲಿಯನ್ನು ಓದದೆ ಮತ್ತೆ ಡಬ್ಬಿಗೆ ಹಾಕಿದಳು. ಸಿಸ್ಟರಮ್ಮ ಅದನ್ನು ನೋಡಿದಳು.

“ಆವತ್ತು ನಿನಗೇನಾದ್ರೂ ಬೇರೆ ಥರ ಕಂಡಿತ್ತಾ?”

“ಇಲ್ಲಕ್ಕ. ಏನೂ ಕಾಣ್ಲಿಲ್ಲ.”

“ಸರಿ. ಮುಂದೆ ಓದು.”

*

“ಆಯಮ್ಮ, ಕೈ ಯಾಕೆ ನಿಲ್ಲಿಸಿದ್ರಿ?” ಅಂದಳು ಮಗಳು.

ಆಯಮ್ಮ ಹೇಳಿದಳು. ಮೂರು ವಾರ್ಡಿಗೆ ಕೇಳುವ ಗಂಟಲು ಎದುರಿಗಿದ್ದವಳಿಗೂ ಸರಿಯಾಗಿ ಕೇಳದ ಹಾಗೆ ಕುಗ್ಗಿತ್ತು. ಬಾಟ್ಲಿ ತನಗೂ ತೋರಿಸಿದ್ದು, ಓದು ಬರದೆ ನಲವತ್ತು ಅಂದದ್ದು, ಎರಡು ಸೊನ್ನೆ ಕಂಡದ್ದು, ಆಮೇಲೆ ಕೇಳಿದಾಗಲೂ ಇಲ್ಲ ಅಂದದ್ದು. ಕಾಂಪೌಂಡರ್ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

“ಅಮ್ಮ ಒಬ್ಬಳೇ ನೋಡಿರಲಿಲ್ವಾ?”

“ಇಲ್ಲಮ್ಮ. ಅವರು ತೋರಿಸಿದ್ರು.”

“ನಿಮಗೆ ಸೊನ್ನೆ ಕಂಡಿದ್ದು ಅವಳಿಗೆ ಗೊತ್ತಿತ್ತಾ?”

“ನಾನು ಹೇಳಲೇ ಇಲ್ಲಮ್ಮ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಇಪ್ಪತ್ನಾಲ್ಕು ವರ್ಷ ಅವರ ಜೊತೆ ಕೂತು ಚಹಾ ಕುಡಿದೆ. ರಿಟೈರಾದ ಮೇಲೂ ಬರ್ತಿದ್ದೆ. ಹೋದ ತಿಂಗಳೂ ಬಂದಿದ್ದೆ.”

ಮಗಳು ಬೈಯಲಿಲ್ಲ. ಬೈದಿದ್ದರೆ ಆಯಮ್ಮನಿಗೆ ಹಗುರವಾಗುತ್ತಿತ್ತು. ಎದ್ದು ಬಂದು ಆಯಮ್ಮನ ಕೈಯಿಂದ ಉಗುರು ಕತ್ತರಿ ತೆಗೆದುಕೊಂಡಳು. ತಾಯಿಯ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಉಳಿದ ಮೂರು ಬೆರಳಿನ ಉಗುರನ್ನು ತಾನೇ ಕತ್ತರಿಸಿದಳು, ಆತುರವಿಲ್ಲದೆ, ಚರ್ಮಕ್ಕೆ ತಾಗದ ಹಾಗೆ. ಮುಗಿದ ಮೇಲೂ ಆ ಕೈಯನ್ನು ಬಿಡಲಿಲ್ಲ. ಯಾವ ಕೈಯಿಂದ ಬಾಟ್ಲಿ ಕಿತ್ತಿದ್ದಳೋ, ಆ ಕೈ ಅದು.

*

ಸಿಸ್ಟರಮ್ಮ ಹೋದದ್ದು ಮಂಗಳವಾರ. ಮನೆ ಬಿಟ್ಟು ಹೊರಟದ್ದು ಬುಧವಾರ ಹನ್ನೊಂದಕ್ಕೆ, ವ್ಯಾನಿನಲ್ಲಿ. ಕಾಂಪೌಂಡರ್ ಅದರ ಹಿಂದೆಯೇ ಹೋದ.

ಆಯಮ್ಮನಿಗೆ ಯಾರೂ ಇರು ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ನೆಲ ಒರೆಸಿದಳು, ಪಾತ್ರೆ ತೊಳೆದಳು, ಹುಡುಗಿಯ ಹಣೆಗೆ ಒದ್ದೆ ಬಟ್ಟೆ ಹಾಕಿದಳು.

ಗುರುವಾರ ಸಂಜೆ ಐದಕ್ಕೆ ಬಸ್ಸು. ಆಯಮ್ಮ ಚೀಲ ತೆಗೆದುಕೊಂಡು ಬಾಗಿಲಲ್ಲಿ ನಿಂತು, “ಬರ್ತೀನಮ್ಮ,” ಅಂದಳು. ಮಗಳು ತಿರುಗಿ ಒಳಗೆ ಹೋದಳು. ಆಯಮ್ಮ ಮೆಟ್ಟಿಲಿಳಿದು ಗೇಟಿಗೆ ಕೈ ಹಾಕಿದಾಗ ಹಿಂದಿನಿಂದ ಚಪ್ಪಲಿ ಸದ್ದಾಯಿತು.

ಮಗಳ ಒಂದು ಕೈಯಲ್ಲಿ ಅಳತೆ ಮುಚ್ಚಳ, ಇನ್ನೊಂದರಲ್ಲಿ ಹುಡುಗಿಯ ಜ್ವರದ ಸಿರಪ್ಪು. ಚೀಟಿ ಕಾಣುವ ಹಾಗೆ ಬಾಟ್ಲಿಯನ್ನು ತಿರುಗಿಸಿ ಮುಂದೆ ಹಿಡಿದಳು.

ಆಯಮ್ಮ ಚೀಲ ಕೆಳಗಿಟ್ಟಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಒಂದೊಂದು ಅಂಕಿಯ ಕೆಳಗೂ ಬೆರಳಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಓದತೊಡಗಿದಳು.