ಕಿರುಬೆರಳಿನ ಚಾಡಿ

ಆ ಹುಡುಗ ಕಾಫಿ ಕಪ್ಪು ಹಿಡಿದ ರೀತಿ ನೋಡಿಯೇ ನನಗೆ ಗೊತ್ತಾಗಿಹೋಯಿತು, ಇವನು ಕೋಲ್ಟ್ ಮನೆಯವನು ಎಂದು. ಉಳಿದ ಬೆರಳುಗಳೆಲ್ಲ ಕಪ್ಪಿನ ಹಿಡಿಯಲ್ಲಿದ್ದವು, ಕಿರುಬೆರಳು ಮಾತ್ರ ಮಡಚಿಕೊಂಡು ಕಪ್ಪಿನ ಅಡಿಗೆ ಹೋಗಿ ಕೂತಿತ್ತು. ಚಿಕ್ಕಂದಿನಿಂದ ಕೋಲ್ಟ್ ನೇವಿ ರಿವಾಲ್ವರ್ ಹಿಡಿದು ಬೆಳೆದ ದೊಡ್ಡ ಕೈಯವರಿಗೆ ಮಾತ್ರ ಅಂಟುವ ಚಟ ಅದು. ನೇವಿಯ ಹಿಡಿ ಗಿಡ್ಡ. ಬೇರೆ ಬೆರಳುಗಳು ಕೂತ ಮೇಲೆ ಕಿರುಬೆರಳಿಗೆ ಜಾಗವೇ ಉಳಿಯುವುದಿಲ್ಲ, ಅದು ಹಿಡಿಯ ಬುಡಕ್ಕೆ ಆನಿಕೊಳ್ಳುತ್ತದೆ. ಆಮೇಲೆ ಜನ್ಮವಿಡೀ ಏನನ್ನು ಹಿಡಿದರೂ ಆ ಬೆರಳು ಅಡಿಗೇ ಓಡುತ್ತದೆ.

ಎದುರಿಗೆ ನನ್ನ ಅಣ್ಣ ವೆಂಡಲ್ ತಟ್ಟೆಯ ಮೇಲೆ ಬಗ್ಗಿ ಬಿಸ್ಕತ್ತು ಬನ್ನಿಗೆ ಗ್ರೇವಿ ಸುರಿದುಕೊಳ್ಳುತ್ತಿದ್ದ. ಸದ್ಯ, ನೋಡಲಿಲ್ಲ ಅಂದುಕೊಂಡೆ. ಅವನ ಮಗಳು ಟ್ವೈಲಾಳನ್ನು ಉಗ್ರಾಣದೊಳಕ್ಕೆ ಎಳೆದು ಬಾಗಿಲು ಮುಂದೆ ಮಾಡಿದೆ.

"ಇವನು ಕೋಲ್ಟ್‌ನೋನು ಕಣೇ!"

"ಗೊತ್ತು ಅತ್ತೆ."

"ಗೊತ್ತಿದ್ದೂ ಕರ್ಕೊಂಡು ಬಂದ್ಯಾ? ಅದೂ ಮದುವೆ ಮಾತಾಡಕ್ಕೆ?"

"ನಿನ್ನದು ಯಾವ ರಿವಾಲ್ವರ್ ಅಂತ ಕೇಳ್ಕೊಂಡು ಪ್ರೀತಿ ಮಾಡಕ್ಕಾಗತ್ತಾ?"

"ನಮ್ಮ ಕಡೆ ಮೊದಲು ಅದನ್ನೇ ಕೇಳೋದು. ಯಾವ ಚರ್ಚು ಅನ್ನೋದೆಲ್ಲ ಆಮೇಲೆ."

ತಮಾಷೆಗೆ ಹೇಳಿದ್ದಲ್ಲ. ನಮ್ಮ ಮಿಸ್ಸೂರಿಯ ಈ ಗುಡ್ಡಗಾಡಿನಲ್ಲಿ ಕರಿಮದ್ದಿನ ಬಂದೂಕು ಕ್ಲಬ್ಬಿನವರದೇ ಒಂದು ಜಾತಿ. ಮುತ್ತಾತಂದಿರ ಕಾಲದ ಮಾದರಿಯ ರಿವಾಲ್ವರು ಇವರಿಗೆ. ಗುಂಡು ತುಂಬುವ ಉರುಳೆಯ ಒಂದೊಂದು ಕುಳಿಗೂ ಕರಿಮದ್ದು ಸುರಿಯಬೇಕು, ಸೀಸದ ಗುಂಡು ಒತ್ತಬೇಕು, ಮೇಲೆ ಹಂದಿಕೊಬ್ಬು ಸವರಬೇಕು, ಹಿಂದುಗಡೆ, ಕುದುರೆ ಅನ್ನುವ ಪುಟ್ಟ ಸುತ್ತಿಗೆ ಬಡಿಯುವಲ್ಲಿ, ತಾಮ್ರದ ಕೇಪು ಸಿಕ್ಕಿಸಬೇಕು. ಇಷ್ಟೆಲ್ಲ ಮೈಮುರಿದು ಮಾಡುವುದು ಒಂದು ಕಾಗದಕ್ಕೆ ತೂತು ಹಾಕುವುದಕ್ಕೆ. ಆ ಜಾತಿಯೊಳಗೆ ಎರಡು ಪಂಗಡ, ಕೋಲ್ಟಿನವರು ಮತ್ತು ರೆಮಿಂಗ್ಟನ್ನಿನವರು. ನನಗೆ ಎರಡೂ ಒಂದೇ. ಎರಡರ ಮಸಿಯನ್ನೂ ಒರೆಸಿ ಹಾಳಾಗಿರುವುದು ನನ್ನ ಪಾತ್ರೆ ಒರೆಸುವ ಬಟ್ಟೆಗಳೇ.

ವೆಂಡಲ್ ರೆಮಿಂಗ್ಟನ್ನಿನವನು. ಅವನ ಹೆಂಡತಿ ಮೋಜೆಲ್ ಕೋಲ್ಟಿನವಳು. ಮದುವೆಯಾದ ದಿನ ಶುರುವಾದ ಜಗಳ ಅವಳು ಆಸ್ಪತ್ರೆಗೆ ಹೋಗುವವರೆಗೂ ನಿಲ್ಲಲಿಲ್ಲ. ಕೋಲ್ಟಿನಲ್ಲಿ ಗುಂಡಿನ ಉರುಳೆಯ ಮೇಲೆ ಕಬ್ಬಿಣದ ಪಟ್ಟಿ ಇರುವುದಿಲ್ಲ. ಅದಕ್ಕೆ ಅವನು "ನಿಂದು ಸೂರಿಲ್ಲದ ಗುಡಿಸಲು" ಅನ್ನುತ್ತಿದ್ದ. ರೆಮಿಂಗ್ಟನ್ನಿನಲ್ಲಿ ಟ್ರಿಗರಿನ ಸುತ್ತಿನ ಬಳೆಗೂ ಹಿಡಿಗೂ ನಡುವೆ ಜಾಗ ಸಾಲದು, ಗುಂಡು ಹಾರಿದಾಗಲೆಲ್ಲ ಬಳೆ ಹಿಂದಕ್ಕೆ ಬಂದು ನಡುಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಅದಕ್ಕೆ ಅವಳು "ನಿಂದು ಕಚ್ಚೋ ನಾಯಿ" ಅನ್ನುತ್ತಿದ್ದಳು. ಶನಿವಾರದ ಪಂದ್ಯ ಮುಗಿಸಿ ಬಂದು ಇಬ್ಬರೂ ರಿವಾಲ್ವರುಗಳನ್ನು ಬಿಚ್ಚಿ ಸೋಪಿನ ಬಿಸಿನೀರಲ್ಲಿ ತೊಳೆದು, ಒಣಗಲು ಓವನ್ನಿನಲ್ಲಿಡುತ್ತಿದ್ದರು. ಮೇಲಿನ ಜಾಲರಿ ಅವನದು, ಕೆಳಗಿನದು ಅವಳದು. ಅವು ಒಣಗುವ ತನಕ ಇಬ್ಬರ ಬಾಯಿಗೂ ಬಿಡುವಿರುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿರುತ್ತಿದ್ದ ನನಗೆ ತಲೆ ಸಿಡಿದು ಹೋಗುತ್ತಿತ್ತು.

ಮೋಜೆಲ್ ತೀರಿಕೊಂಡ ಮೇಲೆ ವೆಂಡಲ್ ಅವಳ ನೇವಿಗೆ ಎಣ್ಣೆ ಹಚ್ಚಿ, ಅವಳ ಏಪ್ರನ್ನಿನಲ್ಲೇ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ. ಯಾರಾದರೂ ಕೋಲ್ಟ್ ಎಂದು ಬಾಯಿಬಿಟ್ಟರೆ ಎದ್ದು ಹೊರಟುಬಿಡುತ್ತಿದ್ದ. ಓವನ್ನಿನ ಕೆಳಗಿನ ಜಾಲರಿಯನ್ನು ನಾನೇ ತೆಗೆದು ಅಟ್ಟಕ್ಕೆ ಹಾಕಿದೆ. ಇಂಥ ಮನೆಗೆ ಈ ಹುಡುಗಿ ಕೋಲ್ಟಿನವನನ್ನು ಅಳಿಯನಾಗಿ ತರಲು ಹೊರಟಿದ್ದಳು. ಅಪ್ಪ ಒಪ್ಪದೆ ಮದುವೆಯಾಗುವುದಿಲ್ಲ ಎಂಬ ಹಟ ಬೇರೆ.

"ಅಪ್ಪ ಅವನನ್ನ ಶನಿವಾರದ ಪಂದ್ಯಕ್ಕೆ ಬಾ ಅಂದಿದ್ದಾರೆ ಅತ್ತೆ. ಏನಾದ್ರೂ ಮಾಡು," ಎಂದು ನನ್ನ ತೋಳು ಹಿಡಿದಳು.

ಮಾಡಿದೆವು. ವೆಂಡಲ್ ಪೇಟೆಗೆ ಹೋದಾಗ ಅವನ ಹಳೆಯ ರೆಮಿಂಗ್ಟನ್ ತೆಗೆದು, ಕೊಟ್ಟಿಗೆಯ ಹಿಂದೆ ಡಾಸನ್‌ಗೆ ರೆಮಿಂಗ್ಟನ್ನಿನವನಂತೆ ನಟಿಸುವ ಪಾಠ ಶುರು ಮಾಡಿದೆವು. ಡಾಸನ್ ಅಂದರೆ ಈ ಹುಡುಗ. ಟ್ರಾಕ್ಟರ್ ರಿಪೇರಿಯವನು, ಬಾಗಿಲಿಗೆ ಬಗ್ಗಿ ಬರುವಷ್ಟು ಎತ್ತರ, ಮಾತು ಮಾತ್ರ ಮೆತ್ತಗೆ.

ಮೊದಲ ಗುಂಡಿಗೇ ಅವನು ಕೈ ಕೊಡವಿಕೊಂಡು ಕುಣಿದ. "ಅಯ್ಯಯ್ಯಪ್ಪಾ! ಕಚ್ತು!"

"ಬೆರಳು ಕೆಳಗಿಳಿಸ್ಕೊಂಡು ಹಿಡಿಯೋ," ಎಂದೆ.

"ಇಳಿಸಿದ್ರೆ ಕುದುರೆಗೆ ಹೆಬ್ಬೆರಳು ಎಟುಕಲ್ಲ ಆಂಟಿ. ಇದರ ಮೂಗು ಬೇರೆ ಭಾರ. ನೇವಿ ಆದ್ರೆ ಸುಮ್ನೆ ಬೆರಳು ತೋರಿಸಿದ ಹಾಗೆ, ಎಲ್ಲಿ ನೋಡ್ತೀನೋ ಅಲ್ಲಿ ಇರತ್ತೆ. ಹೊಡೆದಾಗ ಅಂಗೈಯೊಳಗೆ ಹಿಂದಕ್ಕೆ ಉರುಳತ್ತೆ, ಒಂಚೂರೂ ನೋಯಲ್ಲ. ಇದು ಎದೆಗೆ ಗುದ್ದೋ ಟಗರಿನ ಥರ ನೇರ ಬರತ್ತಲ್ಲ!"

"ಇದನ್ನೆಲ್ಲ ಅಪ್ಪನ ಮುಂದೆ ಹೇಳೀಯ!" ಟ್ವೈಲಾ ಗದರಿದಳು. "ಅವರು ಏನಂದ್ರೂ ನಿಂದು ಒಂದೇ ಮಾತು. ಏನು?"

"ಹೌದು ಸರ್."

"ರೆಮಿಂಗ್ಟನ್ ಹಿಡಿ ಹೇಗಿದೆಯಪ್ಪಾ ಅಂದ್ರೆ?"

"ಹೇಳಿ ಮಾಡಿಸಿದ ಹಾಗಿದೆ ಸರ್."

"ಮುಖ ಹಿಂಡ್ಕೋಬೇಡ ಮತ್ತೆ."

ಗೆಣ್ಣು ಊದಿ ಬದನೆಕಾಯಿ ಬಣ್ಣಕ್ಕೆ ಬಂತು. ಅದಕ್ಕೆ ಪಟ್ಟಿ ಕಟ್ಟಿಕೊಂಡೇ ಕಲಿತ. ಕಿರುಬೆರಳನ್ನು ಹಿಡಿಯ ಮೇಲೇ ಇಟ್ಟುಕೊಳ್ಳುವುದನ್ನೂ ಕಲಿತ. ನನಗೂ ಟ್ವೈಲಾಗೂ ನಮ್ಮ ಜಾಣತನದ ಮೇಲೆ ಭಾರೀ ಹೆಮ್ಮೆ ಬಂದುಬಿಟ್ಟಿತು.

ಶನಿವಾರ ಹಳ್ಳದ ಪಕ್ಕದ ಮೈದಾನದಲ್ಲಿ ಪಂದ್ಯ. ನಾನು ಬೀನ್ಸಿನ ದೊಡ್ಡ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದೆ. ಡಾಸನ್ ವೆಂಡಲ್ ಕೊಟ್ಟ ರೆಮಿಂಗ್ಟನ್ ಹಿಡಿದು ಸಾಲಿನಲ್ಲಿ ನಿಂತ. ಕಿರುಬೆರಳು ಸರಿಯಾದ ಜಾಗದಲ್ಲೇ ಇತ್ತು. ಮೊದಲ ಗುಂಡು ಹೊಡೆದ, ಗೆಣ್ಣಿಗೆ ಬಡಿಯಿತು, ತುಟಿ ಪಿಟಕ್ಕೆನ್ನಲಿಲ್ಲ. ಹೊಗೆ ಸರಿಯಿತು. ಭಲೇ ಮಗನೇ ಅಂದುಕೊಂಡೆ.

ಆಮೇಲೆ ಅವನು ನಳಿಗೆಯನ್ನು ನೆಟ್ಟಗೆ ಆಕಾಶಕ್ಕೆ ಎತ್ತಿದ. ಎತ್ತಿ ಹಿಡಿದು ಕುದುರೆ ಎಳೆದ, ಕೆಳಗಿಳಿಸಿ ಮತ್ತೆ ಹೊಡೆದ. ಮತ್ತೆ ಎತ್ತಿದ.

ನನ್ನ ಕೈಯ ಸೌಟು ಬೀನ್ಸಿನೊಳಗೆ ಮುಳುಗಿಹೋಯಿತು. ಕೋಲ್ಟಿನಲ್ಲಿ ಹೊಡೆದ ಕೇಪು ಸಿಡಿದು ಚೂರಾಗಿ ಕುದುರೆಯ ಸಂದಿಗೆ ಬೀಳುತ್ತದೆ, ಬಿದ್ದರೆ ಅದು ಅಲ್ಲಿಗೇ ಕಚ್ಚಿಕೊಳ್ಳುತ್ತದೆ. ಅದಕ್ಕೆ ಕೋಲ್ಟಿನವರು ಪ್ರತಿ ಗುಂಡಿಗೂ ನಳಿಗೆ ಮೇಲೆತ್ತಿ ಚೂರನ್ನು ಹಿಂದಕ್ಕೆ ಬೀಳಿಸುತ್ತಾರೆ. ರೆಮಿಂಗ್ಟನ್ನಿನವರು ಯಾರೂ ಹಾಗೆ ಮಾಡುವುದಿಲ್ಲ. ಬೆರಳಿಗೆ ಪಾಠ ಹೇಳಿದ ನಾವು ಮೊಣಕೈಗೆ ಹೇಳುವುದನ್ನು ಮರೆತಿದ್ದೆವು.

ಸಾಲಿನ ತುದಿಯಿಂದ ಮುದುಕ ಡಾಯ್ಲ್ ಕೂಗಿದ, "ಏನ್ ತಮ್ಮಾ, ಒಂದೊಂದು ಗುಂಡಿಗೂ ದೇವರ ಅಪ್ಪಣೆ ಕೇಳ್ತಿದ್ದೀಯಾ?"

ಎಲ್ಲರೂ ನಕ್ಕರು. ವೆಂಡಲ್ ನಗಲಿಲ್ಲ. ಆ ಎತ್ತಿದ ಕೈಯನ್ನೇ ಬಾಯಿ ಅರೆತೆರೆದು ನೋಡುತ್ತಾ ನಿಂತಿದ್ದ. ಮೋಜೆಲ್ ಹೀಗೇ ಎತ್ತುತ್ತಿದ್ದಳು, ಕೂದಲು ಒಣಗಿಸುವ ಮಷೀನನ್ನು ಸಹ ಹೀಗೇ ಎತ್ತಿ ಒಮ್ಮೆ ಕೊಡವುತ್ತಿದ್ದಳು. ವೆಂಡಲ್ ಟ್ರಕ್ಕಿನ ಕಡೆ ನಡೆದ.

ಊಟಕ್ಕೆ ಮಾತ್ರ ಹುಡುಗನನ್ನು ಬಾ ಎಂದ. ಹುರಿದ ಕ್ಯಾಟ್‌ಫಿಶ್, ಜೋಳದ ಬ್ರೆಡ್ಡು, ಉಳಿದ ಬೀನ್ಸು. ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಟ್ವೈಲಾ ಮೇಜಿನಡಿ ನನ್ನ ಕೈ ಹಿಸುಕುತ್ತಿದ್ದಳು.

ಕೊನೆಗೆ ವೆಂಡಲ್ ಕೇಳಿದ. "ಹೇಗಿತ್ತಪ್ಪಾ ರೆಮಿಂಗ್ಟನ್?"

"ಚೆನ್ನಾಗಿತ್ತು ಸರ್."

"ಹಿಡಿ?"

"ಹೇಳಿ ಮಾಡಿಸಿದ ಹಾಗಿತ್ತು ಸರ್."

"ಗೆಣ್ಣು ನೋಯ್ತಿಲ್ವಾ?"

"ಇಲ್ಲ ಸರ್." ಕೈ ಮೇಜಿನ ಕೆಳಗೆ ಹೋಯಿತು.

"ಹಾಗಾದ್ರೆ ಕೋಲ್ಟಿಗಿಂತ ಇದೇ ವಾಸಿ ಅಂತೀಯ."

"ಹೌದು ಸರ್."

ವೆಂಡಲ್‌ಗೆ ಸಿಟ್ಟು ಬಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಸಿಟ್ಟು ಬರಲಿಲ್ಲ, ಮುಖ ಇಳಿದುಹೋಯಿತು. ಫೋರ್ಕು ಕೆಳಗಿಟ್ಟು, "ಸರಿ," ಎಂದು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಮೋಜೆಲ್ ಹೋದಾಗಿನಿಂದ ಪ್ರತಿ ಊಟದ ಕೊನೆಗೂ ಅವನು ಹೀಗೇ "ಸರಿ" ಎಂದು ಏಳುವುದನ್ನು ನೋಡುತ್ತಾ ಬಂದಿದ್ದೇನೆ. ಆಗ ನನ್ನ ಮಂದ ತಲೆಗೆ ಹೊಳೆಯಿತು. ಇಷ್ಟು ಕಾಲ ಈ ಮನೆಯಲ್ಲಿ ನಾವಿಬ್ಬರೂ ಅವನು ಹೇಳಿದ್ದಕ್ಕೆಲ್ಲ ಹೌದು ಅನ್ನುತ್ತಲೇ ಬಂದಿದ್ದೆವು. ಪಾಪ, ಮನಸ್ಸು ನೋಯಿಸಬಾರದು ಎಂದು. ನೀನು ತಪ್ಪು ಕಣೋ ಎಂದು ಅವನ ಮುಖಕ್ಕೆ ಹೇಳುವವರು ಒಬ್ಬರೂ ಇರಲಿಲ್ಲ.

ಡಾಸನ್‌ನ ಮೊಣಕಾಲಿಗೆ ಸರಿಯಾಗಿ ಒದ್ದೆ.

"ಆ!"

"ನಿಜ ಹೇಳೋ ಮಂಕೇ! ಜಗಳ ಆಡೋ!"

ಹುಡುಗ ನನ್ನನ್ನು ನೋಡಿದ, ಟ್ವೈಲಾಳನ್ನು ನೋಡಿದ. ಬಾಗಿಲ ಬಳಿ ನಿಂತ ವೆಂಡಲ್‌ನ ಬೆನ್ನು ನೋಡಿ ಗಂಟಲು ಸರಿಮಾಡಿಕೊಂಡ.

"ಸರ್, ನಮ್ಮ ತಾತನೂ ಒಂದು ರೆಮಿಂಗ್ಟನ್ ಇಟ್ಕೊಂಡಿದ್ರು. ಬೇಲಿ ಗೂಟ ಹೊಡಿಯಕ್ಕೆ. ಅದಕ್ಕೆ ಭಾಳ ಚೆನ್ನಾಗಿತ್ತು."

ಟ್ವೈಲಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ವೆಂಡಲ್ ನಿಧಾನವಾಗಿ ತಿರುಗಿದ.

"ಏನಂದೆ?"

"ಹಿಡಿನಾ ಸರ್ ಅದು? ಮನುಷ್ಯನ ಕೈ ಕಂಡೇ ಇರದೋರು ಮಾಡಿದ್ದು. ನೋಡಿ ಇಲ್ಲಿ!" ಪಟ್ಟಿ ಕಿತ್ತು ಗೆಣ್ಣು ಮುಂದೆ ಹಿಡಿದ.

"ಹಿಡಿಯಕ್ಕೆ ಬರದೋನು ಹಿಡಿನ ಬೈದನಂತೆ! ನಿಂದೇನಪ್ಪ? ಸೂರಿಲ್ಲದ ಗುಡಿಸಲು! ಆಕಾಶಕ್ಕೆ ಎತ್ತಿ ಕೊಡವದೇ ಇದ್ರೆ ಎರಡನೇ ಗುಂಡೇ ಹಾರಲ್ಲ!"

"ಕೊಡವಕ್ಕೆ ಅರೆಕ್ಷಣ ಸಾಕು. ನಿಮ್ಮದು ಮಸಿ ಕಟ್ಟಿ ಉರುಳೆ ತಿರುಗೋದೇ ನಿಂತೋಗತ್ತಲ್ಲ, ಅದನ್ನ ಬಿಡಿಸೋ ಹೊತ್ತಿಗೆ ನಾನು ಮನೇಗೆ ಹೋಗಿ ಊಟ ಮಾಡಿ ಬರ್ತೀನಿ!"

"ಎಣ್ಣೆ ಹಾಕದ ಸೋಮಾರಿಗಳದು ನಿಲ್ಲತ್ತೆ!"

"ಎಣ್ಣೆ ಹಾಕಿದ್ರೂ ನಿಲ್ಲತ್ತೆ!"

ವೆಂಡಲ್ ಮತ್ತೆ ಕುರ್ಚಿ ಎಳೆದು ಕೂತ. ಕಿವಿ ಕೆಂಪೇರಿತ್ತು, ಮೀನಿನ ತುಂಡೇ ರಿವಾಲ್ವರ್ ಆಗಿ ಗಾಳಿಯಲ್ಲಿ ತಿರುಗುತ್ತಿತ್ತು. ನನಗೆ ಅಳು ಬರುವ ಹಾಗಾಯಿತು, ಖುಷಿಗೆ. ಬ್ರೆಡ್ಡು ತಣ್ಣಗಾಗಿ ಕಲ್ಲಾಯಿತು, ಯಾರಿಗೂ ಬೇಕಾಗಿರಲಿಲ್ಲ.

ನಡುವೆ ಒಮ್ಮೆ ಎದ್ದುಹೋದ ವೆಂಡಲ್ ಆ ಏಪ್ರನ್ನಿನ ಗಂಟು ತಂದು ಮೇಜಿನ ಮೇಲೆ ಬಿಚ್ಚಿದ. ಮೋಜೆಲ್‌ಳ ನೇವಿ. ಹಿಡಿಯ ಮರ ಅವಳ ಬೆರಳುಗಳಿದ್ದ ಕಡೆ ಸವೆದು ಹೊಳೆಯುತ್ತಿತ್ತು. ಖಾಲಿಯಿದೆಯೇ ಎಂದು ಕುಳಿಗಳನ್ನು ನೋಡಿ ಟ್ವೈಲಾಗೆ ಕೊಟ್ಟ. ಅವಳ ಬೆರಳುಗಳೆಲ್ಲ ಆ ಸವೆದ ಜಾಗಗಳಲ್ಲೇ ಕೂತವು, ಕಿರುಬೆರಳಿಗೂ ಜಾಗ ಸಿಕ್ಕಿತು. ಅವಳು ಕಣ್ಣೊರೆಸಿಕೊಂಡು ಅದನ್ನು ಡಾಸನ್ ಕೈಗಿತ್ತಳು. ಅವನ ಕಿರುಬೆರಳು ತಾನಾಗಿ ಅಡಿಗೆ ಹೋಯಿತು.

ವೆಂಡಲ್ ಆ ಬೆರಳನ್ನೇ ನೋಡಿದ. "ಮೊದಲನೇ ದಿನ ಕಪ್ಪು ಹಿಡಿದಾಗ್ಲೇ ನೋಡಿದ್ದೆ ಇದನ್ನ. ಸದ್ಯ, ಮನೇಲಿ ಮತ್ತೆ ಸದ್ದು ಶುರುವಾಗತ್ತೆ ಅಂದ್ಕೊಂಡೆ. ನೋಡಿದ್ರೆ ಹೌದು ಸರ್, ಹೌದು ಸರ್! ಇಂಥ ಸಪ್ಪೆ ಹುಡುಗನಿಗೆ ಮಗಳನ್ನ ಹೇಗೆ ಕೊಡ್ಲಿ ಅಂತ ಚಿಂತೆ ಹತ್ತಿಬಿಟ್ಟಿತ್ತು ನನಗೆ."

ನಾನೂ ಟ್ವೈಲಾನೂ ಮುಖಮುಖ ನೋಡಿಕೊಂಡೆವು.

"ಮೋಜೆಲ್ ಆಗಿದ್ರೆ ಇಷ್ಟು ಹೊತ್ತಿಗೆ ನನ್ನನ್ನ ಕತ್ತೆ ಅಂದಿರೋಳು," ಎಂದ ವೆಂಡಲ್.

"ಅನ್ನಲಾ ಸರ್?"

"ಮದುವೆ ಆಗೋವರೆಗೂ ಬೇಡ."

ಉರುಳೆಯ ವಿಷಯಕ್ಕೆ ಇಬ್ಬರೂ ಮತ್ತೆ ಶುರು ಹಚ್ಚಿಕೊಂಡರು. ನನಗೆ ತಲೆ ಸಿಡಿಯತೊಡಗಿತು. ಎದ್ದು ಅಟ್ಟಕ್ಕೆ ಹೋಗಿ ಓವನ್ನಿನ ಕೆಳಗಿನ ಜಾಲರಿ ಹುಡುಕಿ ತಂದೆ. ಧೂಳು ತೊಳೆದು ಅದರ ಜಾಗಕ್ಕೆ ಹಾಕಿದೆ.